ಚಿಕ್ಕಮಗಳೂರಿನ ಸರ್ಕಾರಿ ವೈದ್ಯಕೀಯ ಕಾಲೇಜಿನಿಂದ ಜಿಲ್ಲೆಯ ರೋಗಿಗಳಿಗೆ ಏನು ಪ್ರಯೋಜನ?

ಕಾಲೇಜಿನ ಲಾಭ ವಿದ್ಯಾರ್ಥಿಗಳಿಗೆ ಮಾತ್ರ ಎಂಬ ಅಭಿಪ್ರಾಯ ಸರಿಯಲ್ಲ. ಚಿಕ್ಕಮಗಳೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ರೂಪುಗೊಂಡಿರುವುದು, ಕೇಂದ್ರ ಮತ್ತು ರಾಜ್ಯ ಸರ್ಕಾರಗಳು 60:40ರ ಅನುಪಾತದಲ್ಲಿ ವೆಚ್ಚ ಹಂಚಿಕೊಂಡು ಜಿಲ್ಲಾ ಆಸ್ಪತ್ರೆಯನ್ನೇ ಬೋಧನಾ ಆಸ್ಪತ್ರೆಯಾಗಿ ಬೆಳೆಸುವ ಯೋಜನೆಯಡಿ. ಬೋಧನೆಗೆ ಮಾನ್ಯತೆ ಬೇಕಾದರೆ ಪ್ರತಿ ವಿಭಾಗಕ್ಕೂ ಅಧ್ಯಾಪಕ ವೈದ್ಯರು, ಸುಸಜ್ಜಿತ ಪ್ರಯೋಗಾಲಯ, ಹಗಲಿರುಳು ನಡೆಯುವ ತುರ್ತು ಚಿಕಿತ್ಸಾ ಘಟಕ ಇರಲೇಬೇಕು. ಇವೆಲ್ಲ ನೇರವಾಗಿ ರೋಗಿಗೆ ದಕ್ಕುವಂಥವು.

ಮಲೆನಾಡಿಗೆ ಇದು ಬಹಳ ಮುಖ್ಯ. ಕೊಪ್ಪ, ಎನ್.ಆರ್.ಪುರದ ಕಾಡಂಚಿನಲ್ಲಿ ಉಣುಗಿನ ಕಡಿತದಿಂದ ಬರುವ ಮಂಗನ ಕಾಯಿಲೆಗೆ ನಿರ್ದಿಷ್ಟ ಔಷಧವಿಲ್ಲ. ರಕ್ತದೊತ್ತಡ, ಪ್ಲೇಟ್‌ಲೆಟ್ ಪ್ರಮಾಣ, ರಕ್ತಸ್ರಾವದ ಲಕ್ಷಣಗಳನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಾ ನೀಡುವ ಪೋಷಕ ಚಿಕಿತ್ಸೆಯೇ ಜೀವ ಉಳಿಸುತ್ತದೆ. ಜ್ವರ ಇಳಿಯಿತೆಂದು ಮನೆಯವರು ನೆಮ್ಮದಿಪಟ್ಟ ಮೇಲೂ ಕೆಲವರಲ್ಲಿ ಅದು ಮರುಕಳಿಸಿ ತಲೆನೋವು, ಕೈನಡುಕ ಕಾಣಿಸಿಕೊಳ್ಳುವುದರಿಂದ, ರಾತ್ರಿ ಪಾಳಿಯಲ್ಲಿಯೂ ಹಾಸಿಗೆಯ ಬಳಿ ವೈದ್ಯರು ಬೇಕು.

ಆದರೆ ತಾಳ್ಮೆಯೂ ಅಗತ್ಯ. ಎಂಬಿಬಿಎಸ್ ಓದು ನಾಲ್ಕೂವರೆ ವರ್ಷದ್ದು. ಅದು ಮುಗಿದ ಬಳಿಕವಷ್ಟೇ ಒಂದು ವರ್ಷದ ಇಂಟರ್ನ್‌ಶಿಪ್‌ಗೆ ಕಿರಿಯ ವೈದ್ಯರು ವಾರ್ಡ್‌ಗೆ ಬರುತ್ತಾರೆ. 2006ರಲ್ಲಿ ಆರಂಭವಾದ ನೆರೆಯ ಹಾಸನದ ಸಂಸ್ಥೆ ಈ ಹಂತವನ್ನು ಎಂದೋ ದಾಟಿದೆ.