ಊಟದ ಮೇಜಿನ ಮೇಲೆ ಒದ್ದೆ ಬಣ್ಣ

ಪ್ರಶ್ನೆ: ನನಗೆ 37 ವರ್ಷ. ಮೈಸೂರಿನ ಕುವೆಂಪುನಗರದಲ್ಲಿ ಪತಿ, ಅತ್ತೆ ಮತ್ತು ಇಬ್ಬರು ಮಕ್ಕಳೊಂದಿಗೆ ಇದ್ದೇನೆ. ಮಕ್ಕಳ ಪುಸ್ತಕಗಳಿಗೆ ಜಲವರ್ಣದಲ್ಲಿ ಚಿತ್ರ ಬರೆಯುತ್ತೇನೆ. ಊಟದ ಮೇಜೇ ನನ್ನ ಕೆಲಸದ ಜಾಗ. ಹಗಲೆಲ್ಲ ತಿಂಡಿ, ಡಬ್ಬಿ, ಗ್ಯಾಸಿನವರು, ನೆಂಟರು. ನಿಜವಾದ ಕೆಲಸ ಆರಂಭವಾಗುವುದು ರಾತ್ರಿ ಹತ್ತರ ಮೇಲೆ. ಅತ್ತೆಯವರು ಬೆಳಿಗ್ಗೆ ಒಂದು ಗಂಟೆ ಪೂಜೆಗೆ ಕುಳಿತರೆ ಬಾಗಿಲಿಗೂ ಫೋನಿಗೂ ನಾನೇ ಓಡಬೇಕು. ಹೇಗೂ ಮನೆಯಲ್ಲೇ ಇರುತ್ತಾಳಲ್ಲ ಎನ್ನುತ್ತಾರೆ ಎಲ್ಲರೂ. ಕಳೆದ ನವರಾತ್ರಿಯಲ್ಲಿ ಗೊಂಬೆ ಕೂರಿಸಿ, ಬಂದವರನ್ನು ಉಪಚರಿಸುವುದರಲ್ಲಿ ಒಂದು ಪುಸ್ತಕದ ಚಿತ್ರಗಳು ಮೂರು ವಾರ ತಡವಾದವು. ಹೋದ ತಿಂಗಳು ಆರು ವರ್ಷದ ಮಗಳು ಒಣಗದ ಚಿತ್ರದ ಮೇಲೆ ಕೈಯಿಟ್ಟಾಗ ಹೊಡೆದುಬಿಟ್ಟೆ. ಅಂದಿನಿಂದ ಅವಳು ಮೇಜಿನ ಹತ್ತಿರ ಬರುತ್ತಿಲ್ಲ. ಬಾಡಿಗೆಗೆ ಒಂದು ಕೋಣೆ ಹಿಡಿ, ಇಲ್ಲವೇ ಕೆಲವು ವರ್ಷ ನಿಲ್ಲಿಸು ಎನ್ನುತ್ತಾರೆ ಪತಿ. ಯಾವುದು ಸರಿ?
ಹೆಸರು ಬೇಡ, ಮೈಸೂರು

ಉತ್ತರ: ಮೊದಲು ಮಗಳ ವಿಷಯ. ಉಳಿದದ್ದೆಲ್ಲ ಒಂದು ವಾರ ಕಾಯಬಹುದು, ಇದು ಕಾಯಬಾರದು. ಆಟಿಕೆ ಕೊಡಿಸಿ ಸಮಾಧಾನಪಡಿಸುವ ದಾರಿ ಹಿಡಿಯದೆ, ಅವಳನ್ನು ಅದೇ ಮೇಜಿನ ಮುಂದೆ ಕೂರಿಸಿಕೊಂಡು, ಹೊಡೆದದ್ದು ಅಮ್ಮನ ತಪ್ಪು ಎಂದು ನೇರವಾಗಿ ಹೇಳಿ. ಆಮೇಲೆ ನೀವು ಬಳಸುವ ದಪ್ಪ ಕಾಗದದ ಒಂದು ಚೂರಿನ ಮೇಲೆ ನೀರು ಸವರಿ, ಬಣ್ಣ ಬಿಟ್ಟು, ಅದು ಹರಡುವುದನ್ನೂ ಒಣಗುವುದನ್ನೂ ಅವಳಿಗೆ ತೋರಿಸಿ. ಆಗತಾನೇ ಒರೆಸಿದ ನೆಲದ ಮೇಲೆ ಕಾಲಿಡಬಾರದೆಂದು ಅರಿತಿರುವ ಮಗುವಿಗೆ ಒದ್ದೆ ಚಿತ್ರವನ್ನು ಮುಟ್ಟಬಾರದೆಂಬುದೂ ಅರ್ಥವಾಗುತ್ತದೆ. ಹಗಲೆಲ್ಲ ದೊಡ್ಡವರಿಗೆ ಹೇಳಲಾಗದೆ ಉಳಿದ 'ಈಗ ಆಗುವುದಿಲ್ಲ' ಎಂಬ ಮಾತು ಅಂದು ಮನೆಯ ಅತ್ಯಂತ ಚಿಕ್ಕವಳ ಮೇಲೆ ಬಿದ್ದಿದೆ.

ನೀವು ದೂರಾಗಿ ಬರೆದ ಒಂದು ಸಾಲಿನಲ್ಲೇ ನನಗೆ ದಾರಿ ಕಂಡಿತು. ಅತ್ತೆಯವರು ಪೂಜೆಗೆ ಕುಳಿತಾಗ ಅವರನ್ನು ಯಾರೂ ಎಬ್ಬಿಸುವುದಿಲ್ಲ. ದೇವರ ಮೇಲಿನ ಭಕ್ತಿ ಅದಕ್ಕೊಂದು ಕಾರಣ, ನಿಜ. ಆದರೆ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಅದೇ ಮಣೆಯ ಮೇಲೆ ಅವರು ವರ್ಷಗಟ್ಟಲೆ ಕುಳಿತಿರುವುದರಿಂದ ಮನೆಯೇ ಆ ಗಂಟೆಗೆ ಹೊಂದಿಕೊಂಡಿದೆ. ನಿಮ್ಮ ಕೆಲಸಕ್ಕೆ ಹೊತ್ತೂ ಇಲ್ಲ, ಮಣೆಯೂ ಇಲ್ಲ. ತಟ್ಟೆ ಹಾಕುವ ವೇಳೆಗೆ ಕುಂಚ, ಬಣ್ಣ, ಕಾಗದ ಎಲ್ಲವೂ ಚೀಲ ಸೇರುತ್ತವೆ. ನೋಡುವವರಿಗೆ ಅದು ಬಿಡುವಿನ ಹವ್ಯಾಸದಂತೆ ಕಂಡರೆ ಅದರಲ್ಲಿ ಅರ್ಧ ತಪ್ಪು ನಿಮ್ಮದೇ ಎಂದು ಹೇಳಬೇಕಾಗುತ್ತದೆ, ಬೇಸರಿಸಬೇಡಿ.

ಆದ್ದರಿಂದ ಪತಿ ಹೇಳಿದ ಎರಡೂ ದಾರಿಗಳು ಸದ್ಯಕ್ಕೆ ಬೇಡ. ಹೊರಗೆ ಕೋಣೆ ಹಿಡಿದರೆ, ತಿಂಗಳ ಬಾಡಿಗೆಯನ್ನು ದುಡಿಯುವುದಕ್ಕಾಗಿಯೇ ಮನಸ್ಸಿಲ್ಲದ ಕೆಲಸಗಳನ್ನು ಒಪ್ಪಿಕೊಳ್ಳುವಂತಾಗುತ್ತದೆ. ಮನೆಯೊಳಗೇ, ಕಿಟಕಿಯ ಬೆಳಕು ಬೀಳುವ ಕಡೆ, ಊಟಕ್ಕಾಗಿ ಎತ್ತಿಡಬೇಕಾಗದ ಒಂದು ಸಣ್ಣ ಮೇಜು ಹಾಕಿಸಿಕೊಳ್ಳಿ. ಉತ್ತರದ ಕಿಟಕಿ ಸಿಕ್ಕರೆ ಇನ್ನೂ ಒಳ್ಳೆಯದು, ದಿನವಿಡೀ ಬೆಳಕು ಹೆಚ್ಚು ಬದಲಾಗದು.

ಈಗ ಹೊತ್ತಿನ ಮಾತು. ನಿಮ್ಮ ಕೆಲಸವೆಲ್ಲ ಒಂದೇ ಬಗೆಯದಲ್ಲ ಎಂಬುದು ನಿಮಗೆ ಗೊತ್ತು, ಆದರೆ ಮನೆಯವರಿಗೆ ಗೊತ್ತಿಲ್ಲ. ಕಥೆ ಓದಿ ಪಾತ್ರಗಳ ಮುಖ, ನಿಲುವು, ಪುಟದಿಂದ ಪುಟಕ್ಕೆ ಕಣ್ಣು ಸಾಗುವ ಬಗೆಯನ್ನು ಕಲ್ಪಿಸಿಕೊಂಡು ರಫ್ ಸ್ಕೆಚ್ ಹಾಕುವುದಕ್ಕೆ ತುಂಡಾಗದ ಹೊತ್ತು ಬೇಕು. ಜಲವರ್ಣದ ವಾಷ್‌ಗೂ, ಅಂದರೆ ನೀರು ಬೆರೆಸಿದ ತೆಳು ಬಣ್ಣವನ್ನು ಕಾಗದದ ಮೇಲೆ ಹರಡುವುದಕ್ಕೂ, ಅಷ್ಟೇ: ಅರ್ಧಕ್ಕೆ ಬಿಟ್ಟು ಬಾಗಿಲು ತೆಗೆದು ಬರುವಷ್ಟರಲ್ಲಿ ಅಂಚು ಒಣಗಿ ಗೆರೆಯಾಗಿ ನಿಲ್ಲುತ್ತದೆ, ಮತ್ತೆ ನೀರು ಸವರಿದರೂ ಅದು ಪೂರ್ತಿ ಹೋಗುವುದಿಲ್ಲ. ಸ್ಕ್ಯಾನ್ ಮಾಡುವುದು, ಕಲೆ ತೆಗೆಯುವುದು, ಕಡತ ಕಳುಹಿಸುವುದು, ಬಿಲ್ ಬರೆಯುವುದು ಇವೆಲ್ಲ ಕುಕ್ಕರ್ ಕೂಗುತ್ತಿರುವಾಗಲೂ ಆಗುವ ಕೆಲಸಗಳು. ನೀವು ಕಷ್ಟದ ಕೆಲಸವನ್ನು ದಣಿದ ರಾತ್ರಿಗೆ ತಳ್ಳಿದ್ದೀರಿ. ಅದನ್ನು ತಿರುಗಿಸಿ: ಮಕ್ಕಳು ಶಾಲೆಗೆ ಹೋದ ನಂತರದ ಮೂರು ಗಂಟೆ, ವಾರಕ್ಕೆ ಐದು ದಿನ, ಚಿತ್ರಕ್ಕೆ ಮೀಸಲಿರಲಿ. ಆ ಹೊತ್ತಿನಲ್ಲಿ ಫೋನ್ ಬೇರೆ ಕೋಣೆಯಲ್ಲಿರಲಿ.

ಇದನ್ನು ಅತ್ತೆಯವರಿಗೆ ನೀವೇ ಹೇಳಬೇಕು, ಪತಿಯ ಬಾಯಿಂದ ಹೇಳಿಸಬೇಡಿ. 'ಅಮ್ಮ, ನಿಮ್ಮ ಪೂಜೆಯ ಹೊತ್ತಿನಲ್ಲಿ ಬಾಗಿಲು ನಾನು ನೋಡಿಕೊಳ್ಳುತ್ತೇನೆ, ನನ್ನ ಮೂರು ಗಂಟೆಯಲ್ಲಿ ನೀವು ನೋಡಿಕೊಳ್ಳಿ' ಎಂದು ಕೇಳಿದರೆ ಅದು ಕೊಡುಕೊಳ್ಳುವ ಮಾತಾಗುತ್ತದೆ. ಅರಮನೆಯ ಕಲ್ಯಾಣಮಂಟಪದ ಗೋಡೆಗಳಲ್ಲಿ ದಸರಾ ಮೆರವಣಿಗೆಯ ಚಿತ್ರಗಳನ್ನು ನೋಡುತ್ತ ಬೆಳೆದ ಊರು ನಮ್ಮದು; ಚಿತ್ರ ಬರೆಯುವುದು ಒಂದು ವೃತ್ತಿ ಎಂಬುದನ್ನು ಇಲ್ಲಿನ ಹಿರಿಯರಿಗೆ ವಿವರಿಸುವುದು ಅಷ್ಟೇನೂ ಕಷ್ಟವಾಗಲಾರದು. ಪತಿಗೆ ಮಾತ್ರ ಲೆಕ್ಕ ತೋರಿಸಿ: ಒಂದು ಪುಸ್ತಕಕ್ಕೆ ಎಷ್ಟು ಗಂಟೆ ಹಿಡಿಯಿತು, ಎಷ್ಟು ಹಣ ಬಂತು. ಆ ಹಣದಲ್ಲಿ ಒಂದು ಪಾಲು ಅಡುಗೆಯ ಸಹಾಯಕ್ಕೆ ಹೋಗಲಿ. ಸಂಜೆಯ ಹೋಂವರ್ಕ್ ಅವರ ಪಾಲಿಗಿರಲಿ.

ಪ್ರಕಾಶಕರೊಂದಿಗೂ ಬಾಯಿಮಾತು ಸಾಲದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಹಣ ಕೊಟ್ಟು ಹೇಳಿ ಬರೆಸಿದ ವರ್ಣಚಿತ್ರದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರಿಗೇ ಸೇರುತ್ತದೆ. ಹಕ್ಕನ್ನು ಬರವಣಿಗೆಯಲ್ಲಿ ವಹಿಸಿಕೊಟ್ಟು ಅವಧಿಯನ್ನು ನಮೂದಿಸದಿದ್ದರೆ 5 ವರ್ಷ ಎಂದು ಪರಿಗಣಿಸಲಾಗುತ್ತದೆ. ಹಕ್ಕು ಯಾರದು, ಎಷ್ಟು ಕಾಲ, ಮುಂಗಡ ಎಷ್ಟು, ರಫ್ ಒಪ್ಪಿದ ಮೇಲೆ ಎಷ್ಟು, ಎಷ್ಟು ಬಾರಿ ತಿದ್ದಿಕೊಡಬೇಕು ಎಂಬುದೆಲ್ಲ ಕೆಲಸ ಆರಂಭವಾಗುವ ಮೊದಲೇ ಕಾಗದದ ಮೇಲಿರಲಿ. ಮನೆಯವರೆದುರು ಆ ಕಾಗದಕ್ಕೆ ಸಹಿ ಹಾಕುವುದರಿಂದ ಇನ್ನೊಂದು ಲಾಭವೂ ಇದೆ, ಅದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ನವರಾತ್ರಿ ಯಾವಾಗ ಬರುತ್ತದೆ ಎಂಬುದು ಪಂಚಾಂಗದಲ್ಲಿ ಮೊದಲೇ ಇರುತ್ತದೆ. ಮುಂದಿನ ಪುಸ್ತಕದ ಗಡುವು ಹೇಳುವಾಗ ಆ ಹತ್ತು ದಿನಗಳನ್ನೂ ಅದರ ಹಿಂದಿನ ಒಂದು ವಾರವನ್ನೂ ಕಳೆದೇ ದಿನಾಂಕ ಕೊಡಿ. ಅಟ್ಟದಿಂದ ಗೊಂಬೆಯ ಪೆಟ್ಟಿಗೆಗಳನ್ನು ಇಳಿಸುವುದು ಪತಿಯ ಕೆಲಸ. ಮೆಟ್ಟಿಲ ಹಿಂದಿನ ಪರದೆಯ ಚಿತ್ರವನ್ನು ಈ ಸಲ ಮಗಳು ಬರೆಯಲಿ. ಅವಳು ಬರೆದದ್ದನ್ನು ನೀವು ತಿದ್ದಲು ಹೋಗಬೇಡಿ.