ರಿಸರ್ವ್‌ನಿಂದ ಆಕ್ಟಿವ್ ಡ್ಯೂಟಿಗೆ: ಬೋನಸ್ ನಂಬಿ ಕಾರು ಕೊಳ್ಳಬಹುದೇ?

ಪ್ರಶ್ನೆ: ನಾವು ಹಾಸನದ ಕಡೆಯವರು, ಟೆಕ್ಸಾಸ್‌ನಲ್ಲಿ ನೆಲೆಸಿದ್ದೇವೆ. ಮಗ ಹೈಸ್ಕೂಲು ಮುಗಿಸಿ ಅಮೆರಿಕದ ಅರೆಕಾಲಿಕ ಸೇನೆಯಾದ ಆರ್ಮಿ ರಿಸರ್ವ್‌ಗೆ ಆರು ವರ್ಷದ ಕರಾರಿನ ಮೇಲೆ ಸೇರಿದ. ಈಗ ನಾಲ್ಕು ವರ್ಷವಾಗಿದೆ. ಸೇರುವಾಗ ಗೊತ್ತುಮಾಡಿದ್ದ ಬೋನಸ್‌ನಲ್ಲಿ ಅರ್ಧ ಕೈಸೇರಿದೆ. ಇನ್ನು ಪೂರ್ಣಾವಧಿ ಸೇವೆಯಾದ ಆಕ್ಟಿವ್ ಡ್ಯೂಟಿಗೆ ಹೋಗುತ್ತಾನಂತೆ. ಅಲ್ಲಿ ರೀ-ಎನ್‌ಲಿಸ್ಟ್‌ಮೆಂಟ್ ಬೋನಸ್ ಸಿಗುತ್ತದೆ ಎಂದು ರಿಕ್ರೂಟರ್ ಹೇಳಿದ್ದಾರಂತೆ. ಆ ಹಣ ನಂಬಿ ಆಗಲೇ ಕಾರು ನೋಡುತ್ತಿದ್ದಾನೆ. ನಿಜವಾಗಿ ಸಿಗುತ್ತದೆಯೇ? ಹಳೆಯದನ್ನು ವಾಪಸ್ ಕೇಳುತ್ತಾರೆಯೇ?

ಉತ್ತರ: ಕಾರಿನ ಮುಂಗಡ ಸದ್ಯಕ್ಕೆ ಬೇಡ ಎನ್ನಿ.

ರೀ-ಎನ್‌ಲಿಸ್ಟ್‌ಮೆಂಟ್ ಬೋನಸ್ ಇರುವುದು ಈಗಾಗಲೇ ಪೂರ್ಣಾವಧಿ ಸೇವೆಯಲ್ಲಿರುವ ಸೈನಿಕನನ್ನು ಬಿಟ್ಟುಹೋಗದಂತೆ ಹಿಡಿದಿಟ್ಟುಕೊಳ್ಳಲು. ಅದಕ್ಕೆ ಕನಿಷ್ಠ 17 ತಿಂಗಳ ಎಡೆಬಿಡದ ಆಕ್ಟಿವ್ ಡ್ಯೂಟಿ ಬೇಕೆಂಬುದು ಬಹುಕಾಲದಿಂದ ಇರುವ ಷರತ್ತು. ತರಬೇತಿಯ ಅವಧಿ ಅದರಲ್ಲಿ ಸೇರುವುದಿಲ್ಲ. ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆರಡು ವಾರ ಕೆಲಸ ಮಾಡಿದ ರಿಸರ್ವಿಸ್ಟ್ ಆ ಲೆಕ್ಕ ಮುಟ್ಟುವುದು ಅಪರೂಪ. ಸಾಮಾನ್ಯವಾಗಿ ನಿಮ್ಮ ಮಗನಂಥವರನ್ನು ಸೇನೆ 'ಪ್ರಯರ್ ಸರ್ವಿಸ್', ಅಂದರೆ ಹಿಂದೆ ಸೇವೆ ಮಾಡಿದವರು, ಎಂದು ಹೊಸದಾಗಿ ಸೇರಿಸಿಕೊಳ್ಳುತ್ತದೆ. ಅವರಿಗೂ ಬೋನಸ್ ಕೊಡುವ ಕಾಲ ಇರುತ್ತದೆ, ಕೊಡದ ಕಾಲವೂ ಇರುತ್ತದೆ. ಯಾವ ಹುದ್ದೆಯಲ್ಲಿ ಜನ ಸಾಲದಾಗಿದ್ದಾರೆ, ಎಷ್ಟು ವರ್ಷಕ್ಕೆ ಸಹಿ ಹಾಕುತ್ತಾನೆ ಎಂಬುದರ ಮೇಲೆ ಅದು ನಿಂತಿದೆ. ಪಟ್ಟಿ ಆಗಾಗ ಬದಲಾಗುವುದರಿಂದ ಹೋದ ತಿಂಗಳು ಗೆಳೆಯನಿಗೆ ಸಿಕ್ಕಿದ್ದು ಈ ತಿಂಗಳು ಇವನಿಗೆ ಸಿಗಬೇಕೆಂದಿಲ್ಲ.

ಮೊದಲು ಒಂದು ವಿಷಯ ಬಿಡಿಸಿ ಕೇಳಿಕೊಳ್ಳಿ. ಅವನು ಹೋಗುತ್ತಿರುವುದು ನಿಜಕ್ಕೂ ಪೂರ್ಣಾವಧಿಯ ರೆಗ್ಯುಲರ್ ಆರ್ಮಿಗೋ, ಇಲ್ಲ 'ಎಜಿಆರ್' ಎನ್ನುವ ಆಕ್ಟಿವ್ ಗಾರ್ಡ್ ರಿಸರ್ವ್‌ಗೋ? ಎರಡನೆಯದು ದಿನನಿತ್ಯದ ಪೂರ್ಣ ಕೆಲಸವಾದರೂ ಆತ ರಿಸರ್ವ್‌ನವನಾಗಿಯೇ ಉಳಿಯುತ್ತಾನೆ, ಬೋನಸ್ ನಿಯಮ ಬೇರೆ. ಕೆಲವು ತಿಂಗಳ ಮಟ್ಟಿಗೆ ಕರ್ತವ್ಯಕ್ಕೆ ಕರೆಸಿಕೊಳ್ಳುವುದಂತೂ ವರ್ಗಾವಣೆಯೇ ಅಲ್ಲ. ಮನೆಯಲ್ಲಿ ಮೂರನ್ನೂ 'ಆಕ್ಟಿವ್' ಎಂದೇ ಹೇಳುತ್ತಾರೆ, ಗೊಂದಲ ಹುಟ್ಟುವುದೇ ಅಲ್ಲಿ.

ಇನ್ನು ರಿಕ್ರೂಟರ್ ಮಾತು. ಅವರು ಸುಳ್ಳು ಹೇಳಿದರು ಎನ್ನುತ್ತಿಲ್ಲ. ಆದರೆ ಸೇರ್ಪಡೆಯ ಕರಾರುಪತ್ರವಾದ ಡಿಡಿ ಫಾರ್ಮ್ 4ರಲ್ಲೇ ಸ್ಪಷ್ಟವಾಗಿದೆ: ಈ ಪತ್ರದಲ್ಲೂ ಅದರ ಅನುಬಂಧಗಳಲ್ಲೂ ಇರುವುದಷ್ಟೇ ಸರ್ಕಾರ ಕೊಟ್ಟ ಮಾತು, ಬೇರೆ ಯಾರು ಏನೇ ಹೇಳಿದ್ದರೂ ನಡೆಯುವುದಿಲ್ಲ. ಆದ್ದರಿಂದ ಬೋನಸ್ ಮೊತ್ತ, ಹುದ್ದೆಯ ಸಂಕೇತ, ಕಂತುಗಳ ದಿನಾಂಕ ಅನುಬಂಧದಲ್ಲಿ ಅಚ್ಚಾಗಿರಬೇಕು. ಇಲ್ಲದಿದ್ದರೆ ಸಹಿ ಹಾಕದೆ ಎದ್ದು ಬರಲಿ. ಇಪ್ಪತ್ತೆರಡರ ಹುಡುಗನಿಗೆ ಸಮವಸ್ತ್ರದವರ ಮುಂದೆ ಹಾಗೆ ಎದ್ದು ಬರುವುದು ಕಷ್ಟ, ಬಲ್ಲೆ. ನೀವು ಬೆನ್ನಿಗಿರಿ.

ಹಳೆಯ ಬೋನಸ್ ವಿಚಾರ ಹೆಚ್ಚು ಸೂಕ್ಷ್ಮವಾದದ್ದು. ಬಾಕಿ ಕಂತು ನಿಲ್ಲುತ್ತದೆಂದೇ ಇಟ್ಟುಕೊಳ್ಳಿ. ದುಡಿದ ತಿಂಗಳುಗಳ ಪಾಲು ಅವನದೇ. ದುಡಿಯದ ಅವಧಿಯ ಪಾಲು ಮುಂಚೆಯೇ ಬಂದಿದ್ದರೆ ಅದನ್ನು ವಾಪಸ್ ಕೇಳಲು ಕಾನೂನಿನಲ್ಲಿ ಅವಕಾಶವಿದೆ. ಆಕ್ಟಿವ್‌ಗೆ ಹೋಗುವವರಿಗೆ ವಿನಾಯಿತಿ ಇದೆಯೇ ಎಂಬುದು ಅವನು ನಾಲ್ಕು ವರ್ಷದ ಹಿಂದೆ ಸಹಿ ಹಾಕಿದ ಬೋನಸ್ ಅನುಬಂಧದಲ್ಲಿರುತ್ತದೆ. ಅದನ್ನು ಹುಡುಕಿ ತೆಗೆಸಿ, ಪ್ರತಿ ಮಾಡಿಸಿ ಮನೆಯಲ್ಲಿಡಿ. ಈ ಎಚ್ಚರ ಅತಿಯೆನಿಸಿದರೆ ಕ್ಯಾಲಿಫೋರ್ನಿಯಾ ನ್ಯಾಷನಲ್ ಗಾರ್ಡ್ ಪ್ರಕರಣ ನೆನಪಿಸಿಕೊಳ್ಳಿ. ಇರಾಕ್, ಅಫ್ಘಾನಿಸ್ತಾನ ಯುದ್ಧಗಳ ಬಿಸಿಯಲ್ಲಿ ಅರ್ಹತೆ ಸರಿಯಾಗಿ ನೋಡದೆ ಬೋನಸ್ ಹಂಚಿದರು. ವರ್ಷಗಳ ಮೇಲೆ ಸಾವಿರಾರು ಸೈನಿಕರಿಗೆ ಹಣ ಹಿಂತಿರುಗಿಸಿ ಎಂಬ ಪತ್ರ ಹೋಯಿತು. ಹಲವರಿಗೆ 15,000 ಡಾಲರ್‌ಗೂ ಮಿಕ್ಕಿ. ಯುದ್ಧ ಮಾಡಿ ಬಂದವರು ಸಾಲಗಾರರಾದರು. ದೊಡ್ಡ ಗದ್ದಲವೆದ್ದ ಮೇಲೆ, 2016ರ ಅಕ್ಟೋಬರ್‌ನಲ್ಲಿ, ರಕ್ಷಣಾ ಕಾರ್ಯದರ್ಶಿ ಆಷ್ ಕಾರ್ಟರ್ ವಸೂಲಿ ನಿಲ್ಲಿಸಲು ಆದೇಶಿಸಿದರು.

ರಿಸರ್ವ್ ಘಟಕ ಬಿಡುಗಡೆ ಕೊಡದೆ ಇದಾವುದೂ ನಡೆಯದು. ಅದಕ್ಕೆ ಡಿಡಿ ಫಾರ್ಮ್ 368. ಮಂಜೂರಾಗಲು ಸಮಯ ಹಿಡಿಯುತ್ತದೆ, ಮಂಜೂರಾದರೂ ಒಂದು ಅವಧಿಯ ನಂತರ ಊರ್ಜಿತವಾಗಿರುವುದಿಲ್ಲ. ಈಗಿನ ರ‍್ಯಾಂಕ್, ಈಗಿನ ಹುದ್ದೆ ಅಲ್ಲೂ ಸಿಗುತ್ತದೆಯೇ ಎಂದು ಅಷ್ಟರಲ್ಲಿ ಕೇಳಿಕೊಳ್ಳಲಿ. ರ‍್ಯಾಂಕ್ ಇಳಿದರೆ ತಿಂಗಳ ಸಂಬಳದಲ್ಲಿ ಆಗುವ ನಷ್ಟ ಸಣ್ಣ ಬೋನಸ್ಸನ್ನು ನುಂಗಿಬಿಡಬಹುದು. ರಿಸರ್ವ್‌ನ ವರ್ಷಗಳು ಮೂಲ ವೇತನದ ಹಿರಿತನಕ್ಕೆ ಲೆಕ್ಕಕ್ಕೆ ಬರುತ್ತವೆ ಎನ್ನುವುದು ಸಮಾಧಾನದ ಸಂಗತಿ.

ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಹಣವಿದೆ. 2018ರ ನಂತರ ಸೇರಿದ ನಿಮ್ಮ ಮಗ ಹೊಸ ನಿವೃತ್ತಿ ಯೋಜನೆಯಲ್ಲಿದ್ದಾನೆ. ಅದರಲ್ಲಿ ಹನ್ನೆರಡು ವರ್ಷ ತುಂಬುವ ಮೊದಲು, ಇನ್ನಷ್ಟು ಸೇವೆಗೆ ಒಪ್ಪಿದರೆ, 'ಕಂಟಿನ್ಯುಯೇಷನ್ ಪೇ' ಒಮ್ಮೆ ಸಿಗುತ್ತದೆ. ಆಕ್ಟಿವ್‌ನಲ್ಲಿರುವವನಿಗೆ ಕನಿಷ್ಠ ಎರಡೂವರೆ ತಿಂಗಳ ಮೂಲ ವೇತನ. ರಿಸರ್ವಿಸ್ಟ್‌ಗೆ ಕನಿಷ್ಠವೆಂದರೆ ಆಕ್ಟಿವ್ ದರದ ಅರ್ಧ ತಿಂಗಳದ್ದು. ದೀರ್ಘಕಾಲ ಉಳಿಯುವ ಮನಸ್ಸಿದ್ದರೆ ಆಕ್ಟಿವ್‌ಗೆ ಹೋಗಲು ಈ ಕಾರಣ ಗಟ್ಟಿಯಾದದ್ದು.

ಬೋನಸ್ ಬಂದೇ ಬಂತು ಎಂದಾದರೂ ಪೂರ್ತಿ ಕೈಗೆ ಬರುವುದಿಲ್ಲ. ಸಾಮಾನ್ಯವಾಗಿ ಶೇ 22ರಷ್ಟು ಫೆಡರಲ್ ತೆರಿಗೆ ಮೊದಲೇ ಮುರಿದುಕೊಳ್ಳುತ್ತಾರೆ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲದಿರುವುದು ನಿಮಗೆ ಅನುಕೂಲ. ಒಂದಷ್ಟನ್ನು ಟಿಎಸ್‌ಪಿ ಎನ್ನುವ ನಿವೃತ್ತಿ ಉಳಿತಾಯ ಖಾತೆಗೆ ಹಾಕಲೂಬಹುದು. ಕಾರು ಆಮೇಲೆ, ಹಣ ಖಾತೆಗೆ ಬಿದ್ದ ಮೇಲೆ.