ಇಂಗ್ಲೆಂಡಿನ ಹಳೆ ಮನೆ: ಗೋಡೆ ಒಡೆಯುವ ಮುಂಚಿನ ಲೆಕ್ಕ

ಇಂಗ್ಲೆಂಡಿನಲ್ಲಿ ಮನೆ ಕೊಂಡು ಅದನ್ನು ಹಿಗ್ಗಿಸಲು, ಹೊಸದು ಮಾಡಿಕೊಳ್ಳಲು ಹೊರಟ ಓದುಗರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಕೆಲವು ನಿಯಮ ಬೇರೆ ಇವೆ. ಇಲ್ಲಿ ಹೇಳಿರುವುದು ಇಂಗ್ಲೆಂಡಿಗೆ ಮಾತ್ರ.

ಪ್ರಶ್ನೆ: 1930ರ ದಶಕದ ಸೆಮಿ ಡಿಟ್ಯಾಚ್ಡ್ (ಒಂದು ಬದಿಯ ಗೋಡೆಯನ್ನು ನೆರೆಮನೆಯೊಂದಿಗೆ ಹಂಚಿಕೊಂಡ) ಮನೆ ನಮ್ಮದು. ಹಿಂದುಗಡೆ 3 ಮೀಟರ್ ಎಳೆದು ಅಡುಗೆಮನೆ ದೊಡ್ಡದು ಮಾಡಬೇಕು. ಕೈಯಲ್ಲಿ 60,000 ಪೌಂಡ್ ಇದೆ. ಬಿಲ್ಡರ್ ಒಬ್ಬರು 50,000ಕ್ಕೆ ಮಾಡಿಕೊಡುತ್ತೇನೆ ಅನ್ನುತ್ತಾರೆ. ಒಪ್ಪಬಹುದೆ?

ಉತ್ತರ: ಆ 50,000 ವ್ಯಾಟ್ (ಸರಕು, ಸೇವೆಗಳ ಮೇಲಿನ ತೆರಿಗೆ) ಸೇರಿಸಿಯೋ ಬಿಟ್ಟೋ ಎಂದು ಮೊದಲು ಕೇಳಿ. ಬಿಟ್ಟಿದ್ದರೆ ಶೇ 20 ಸೇರಿ ಅಲ್ಲಿಗೇ 60,000 ಆಯಿತು. ನಕ್ಷೆಗೆ, ಎಂಜಿನಿಯರಿಗೆ, ನೆಲ ಅಗೆದಾಗ ಎದುರಾಗುವ ಖರ್ಚಿಗೆ ಒಂದು ಪೌಂಡೂ ಉಳಿಯುವುದಿಲ್ಲ.

ಬಿಲ್ಡರ್ ಹೇಳಿದ ಮೊತ್ತದಿಂದ ಲೆಕ್ಕ ಶುರು ಮಾಡಬೇಡಿ, ನಿಮ್ಮ ಕೈಯಲ್ಲಿರುವ ಹಣದಿಂದ ಶುರು ಮಾಡಿ. 60,000ದಲ್ಲಿ ಶೇ 15, ಅಂದರೆ 9,000 ಪೌಂಡನ್ನು ಅನಿರೀಕ್ಷಿತ ಖರ್ಚಿಗೆಂದು ಬದಿಗಿಡಿ. 90 ವರ್ಷದ ಮನೆಗೆ ಇದು ಹೆಚ್ಚೇನಲ್ಲ. ಉಳಿದದ್ದು 51,000. ನಕ್ಷೆ, ಸ್ಟ್ರಕ್ಚರಲ್ ಎಂಜಿನಿಯರ್, ಬಿಲ್ಡಿಂಗ್ ಕಂಟ್ರೋಲ್ (ಕಟ್ಟಡ ನಿಯಮದಂತಿದೆಯೇ ಎಂಬ ತಪಾಸಣೆ) ಶುಲ್ಕ, ಪಾರ್ಟಿ ವಾಲ್ (ನೆರೆಮನೆಯೊಂದಿಗೆ ಹಂಚಿಕೊಂಡ ಗೋಡೆ) ಸರ್ವೇಯರ್ ಇವಕ್ಕೆ ಸದ್ಯಕ್ಕೆ 6,000 ಅಂದಾಜು ಹಿಡಿದರೆ 45,000 ಉಳಿಯುತ್ತದೆ. ಅದನ್ನು 1.2ರಿಂದ ಭಾಗಿಸಿ: 37,500. ವ್ಯಾಟ್ ಬಿಟ್ಟು ನೀವು ಒಪ್ಪಬಹುದಾದ ಗರಿಷ್ಠ ಮೊತ್ತ ಇದು. ಕಪಾಟು, ಹಾಬ್ (ಒಲೆ), ನೆಲದ ಟೈಲ್ಸ್, ಪೇಂಟ್ ಎಲ್ಲ ಇದರೊಳಗೇ ಬರಬೇಕು.

ಹಾಗಾಗಿ 50,000ದ ಕೆಲಸ ನಿಮ್ಮ ಹಣಕ್ಕೆ ಹೊಂದುವುದಿಲ್ಲ. ಕಡಿಮೆ ಮಾಡುವುದಾದರೆ ಈಗ, ನಕ್ಷೆಯ ಹಂತದಲ್ಲೇ ಮಾಡಿ. ಸಿಂಕ್ ಮತ್ತು ಡ್ರೈನ್ ಇದ್ದ ಜಾಗದಲ್ಲೇ ಇರಲಿ. ಹಿಂದಿನ ಗೋಡೆಯನ್ನು ಪೂರ್ತಿ ತೆಗೆಯುವ ಬದಲು ಎರಡು ಬದಿಯಲ್ಲೂ ಒಂದಷ್ಟು ಗೋಡೆ ಉಳಿಸಿಕೊಂಡರೆ ಸ್ಟೀಲ್ ಬೀಮ್ ಸಣ್ಣದಾಗುತ್ತದೆ, ಅದನ್ನು ಎತ್ತಿ ಕೂರಿಸುವ ಕೂಲಿಯೂ ಇಳಿಯುತ್ತದೆ. ಅಡಿಪಾಯ ಹಾಕಿದ ಮೇಲೆ ಉಳಿಸಲು ಹೊರಟರೆ ಕೈಗೆ ಸಿಗುವುದು ಇನ್ಸುಲೇಷನ್, ಕಿಟಕಿಗಳ ಗುಣಮಟ್ಟ ಮಾತ್ರ. ಅವುಗಳನ್ನೇ ಎಂದೂ ಮುಟ್ಟಬಾರದು.

"ಕ್ಯಾಶ್ ಕೊಟ್ಟರೆ ವ್ಯಾಟ್ ಬೇಡ" ಅನ್ನುವವರನ್ನು ಬಿಟ್ಟುಬಿಡಿ. ವರ್ಷದ ವಹಿವಾಟು 90,000 ಪೌಂಡ್ ದಾಟಿದವರು ವ್ಯಾಟ್ ನೋಂದಣಿ ಮಾಡಿಸಲೇಬೇಕು. ಇಂಥ ಮೂರು ಕೆಲಸ ಹಿಡಿದವರು ಅದನ್ನು ದಾಟಿಯೇ ಇರುತ್ತಾರೆ. ಬಿಲ್ಲಿಲ್ಲದ ಕೆಲಸ ಸೋರತೊಡಗಿದರೆ ತೋರಿಸಲು ನಿಮ್ಮ ಕೈಯಲ್ಲಿ ಕಾಗದವೇ ಇರುವುದಿಲ್ಲ. ನ್ಯಾಯವಾದ ರಿಯಾಯಿತಿಗಳೂ ಇವೆ. ಎರಡು ವರ್ಷದಿಂದ ಖಾಲಿ ಬಿದ್ದಿದ್ದ ಮನೆಯಾದರೆ ಬಿಲ್ಡರ್ ಶೇ 5 ವ್ಯಾಟ್ ಹಾಕಬಹುದು. ಇನ್ಸುಲೇಷನ್, ಸೋಲಾರ್, ಹೀಟ್ ಪಂಪ್ ಅಳವಡಿಕೆಗೆ 2027ರ ಮಾರ್ಚ್ 31ರವರೆಗೆ ವ್ಯಾಟ್ ಸೊನ್ನೆ. ಸಾಮಾನನ್ನು ನೀವೇ ಅಂಗಡಿಯಿಂದ ತಂದರೆ ಈ ರಿಯಾಯಿತಿ ಸಿಗುವುದಿಲ್ಲ, ಅಳವಡಿಸುವವರೇ ತಂದು ಬಿಲ್ ಮಾಡಬೇಕು.

ಪ್ರಶ್ನೆ: ಒಂದೇ ಕೆಲಸಕ್ಕೆ ಮೂರು ಕೊಟೇಶನ್ ಬಂದಿವೆ: 32,000, 39,000, 48,000. ಇಷ್ಟು ಅಂತರ ಯಾಕೆ?

ಉತ್ತರ: ಮೂವರೂ ಬೆಲೆ ಕಟ್ಟಿರುವುದು ಒಂದೇ ಕೆಲಸಕ್ಕಲ್ಲ. ಬಾಯಿಮಾತಿನಲ್ಲಿ ವಿವರಿಸಿ ಕೇಳಿದಾಗ ಹೀಗಾಗುತ್ತದೆ. ಬಿಲ್ಡಿಂಗ್ ರೆಗ್ಯುಲೇಷನ್ಸ್ ಮಟ್ಟದ ನಕ್ಷೆ, ಎಂಜಿನಿಯರ್ ಲೆಕ್ಕಪತ್ರ, ಜೊತೆಗೆ ಎಷ್ಟು ಪ್ಲಗ್ ಪಾಯಿಂಟ್, ಎಷ್ಟು ದೀಪ, ಯಾವ ಕಿಟಕಿ, ನೆಲಕ್ಕೆ ಏನು ಎಂಬ ಕೋಣೆವಾರು ಪಟ್ಟಿ, ಇವಿಷ್ಟನ್ನೂ ಮೂವರಿಗೂ ಒಂದೇ ಥರ ಕೊಟ್ಟು ಮತ್ತೆ ಕೇಳಿ.

ಕೊಟೇಶನ್ನಿನಲ್ಲಿ "ಪ್ರಾವಿಷನಲ್ ಸಮ್" ಎಂದು ಇರುವ ಕಡೆಯೆಲ್ಲ ಗುರುತು ಹಾಕಿ. ಸದ್ಯಕ್ಕೊಂದು ಅಂದಾಜು, ನಿಜವಾದ ಖರ್ಚು ಆಮೇಲೆ ಎಂದು ಅದರ ಅರ್ಥ. "ಅಡುಗೆಮನೆ: ಪ್ರಾವಿಷನಲ್ ಸಮ್ 3,000" ಎಂದು ಬರೆದಿದ್ದು, ನೀವು ಆರಿಸುವ ಕಪಾಟೇ 9,000 ಆದರೆ, ಕಡಿಮೆ ಎಂದು ಕಂಡ ಕೊಟೇಶನ್ 6,000 ಏರುತ್ತದೆ. ಸ್ಕಿಪ್ (ಕಟ್ಟಡದ ಕಸ ತುಂಬುವ ದೊಡ್ಡ ತೊಟ್ಟಿ) ಬಾಡಿಗೆ, ಸ್ಕ್ಯಾಫೋಲ್ಡಿಂಗ್, ಹಳೆ ಕೋಣೆಯ ಗೋಡೆ ಸರಿಪಡಿಸುವುದು, ಪೇಂಟ್, ಹೊಸ ಫ್ಯೂಸ್ ಬೋರ್ಡ್ ಇವು ಸೇರಿವೆಯೋ ಇಲ್ಲವೋ ಎಂದೂ ಬರೆಸಿಕೊಳ್ಳಿ.

ಯಾರ ಕೊಟೇಶನ್ನಿನಲ್ಲೂ ಕಾಣದ ಖರ್ಚು ನೆಲದಡಿ ಇರುತ್ತದೆ. 4 ಮೀಟರ್ ಅಗಲ, 3 ಮೀಟರ್ ಉದ್ದದ ಎಕ್ಸ್‌ಟೆನ್ಷನ್ನಿಗೆ ಮೂರು ಬದಿಯ ಅಡಿಪಾಯ ಸೇರಿ 10 ಮೀಟರ್. 60 ಸೆಂಟಿಮೀಟರ್ ಅಗಲ, 1 ಮೀಟರ್ ಆಳದ ಕಾಲುವೆಯನ್ನು ಪೂರ್ತಿ ತುಂಬಿಸಿದರೆ 6 ಘನ ಮೀಟರ್ ಕಾಂಕ್ರೀಟ್, ಹೆಚ್ಚುಕಡಿಮೆ ಒಂದು ಲಾರಿ. ಲಂಡನ್ ಸುತ್ತಲಿನಂಥ ಜೇಡಿಮಣ್ಣು, ಹತ್ತಿರ ದೊಡ್ಡ ಮರವಿದ್ದರೆ ಬೇರು ನೀರು ಹೀರಿ ಮಣ್ಣು ಕುಗ್ಗುತ್ತದೆ, ಮಳೆ ಬಿದ್ದು ತೇವವಾದಾಗ ಮತ್ತೆ ಉಬ್ಬುತ್ತದೆ. ಆಗ ಬಿಲ್ಡಿಂಗ್ ಇನ್‌ಸ್ಪೆಕ್ಟರ್ 2 ಮೀಟರ್ ಆಳ ಕೇಳಬಹುದು. ಕಾಂಕ್ರೀಟ್ ಎರಡರಷ್ಟು, ಸಾಗಿಸುವ ಮಣ್ಣೂ ಎರಡರಷ್ಟು. ಆಳ ಹೆಚ್ಚಾದರೆ ಪ್ರತಿ ಘನ ಮೀಟರಿಗೆ ಇಷ್ಟು ಎಂಬ ದರವನ್ನು ಸಹಿಗೆ ಮೊದಲೇ ಬರೆಸಿಕೊಂಡರೆ ಕಾಲುವೆ ಪಕ್ಕ ನಿಂತು ಚೌಕಾಸಿ ಮಾಡುವ ಪರಿಸ್ಥಿತಿ ಬರದು.

ಹಿತ್ತಲಲ್ಲಿ ಮ್ಯಾನ್‌ಹೋಲ್ ಇದೆಯೆ? ನೆರೆಯವರೊಂದಿಗೆ ಹಂಚಿಕೊಂಡ ಒಳಚರಂಡಿಗಳಲ್ಲಿ ಬಹುಪಾಲು 2011ರ ಅಕ್ಟೋಬರ್ 1ರಿಂದ ನೀರು ಸರಬರಾಜು ಕಂಪನಿಗಳ ಪಾಲಾಗಿವೆ. ಅದರ ಮೇಲೆ ಅಥವಾ 3 ಮೀಟರ್ ಒಳಗೆ ಕಟ್ಟುವುದಾದರೆ ಕಂಪನಿಯ ಒಪ್ಪಿಗೆ ಬೇಕು. ಪೈಪಿನೊಳಗೆ ಕ್ಯಾಮೆರಾ ಬಿಟ್ಟು ಮೊದಲೇ ನೋಡಿಸಿ.

2000ಕ್ಕೆ ಮುಂಚಿನ ಯಾವ ಮನೆಯಲ್ಲೂ ಆಸ್ಬೆಸ್ಟಾಸ್ ಇರಬಹುದು, ನಿಷೇಧ ಬಂದದ್ದು 1999ರಲ್ಲಿ. ಅಲೆಅಲೆಯಾದ ಆರ್ಟೆಕ್ಸ್ ಸೀಲಿಂಗ್, ಹಳೆ ವಿನೈಲ್ ಟೈಲ್, ಗ್ಯಾರೇಜಿನ ಸಿಮೆಂಟ್ ಶೀಟು ಇವುಗಳ ಚೂರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ಯಾರೂ ಕೆರೆಯಬಾರದು, ಕೊರೆಯಬಾರದು. ಇದು ಹಣದ ವಿಷಯವಷ್ಟೇ ಅಲ್ಲ, ಮನೆಯವರ ಶ್ವಾಸಕೋಶದ ವಿಷಯ.

ಪ್ರಶ್ನೆ: ಪ್ಲಾನಿಂಗ್ ಪರ್ಮಿಷನ್ ಬೇಡ ಎನ್ನುತ್ತಾರೆ. ಹಾಗಾದರೆ ನಾಳೆಯೇ ಶುರು ಮಾಡಬಹುದೆ?

ಉತ್ತರ: ಆಗದು. ಒಂದಂತಸ್ತಿನ ಹಿಂಬದಿ ಎಕ್ಸ್‌ಟೆನ್ಷನ್, ಸೆಮಿ ಅಥವಾ ಟೆರೇಸ್ (ಸಾಲಾಗಿ ಅಂಟಿಕೊಂಡ) ಮನೆಗೆ 3 ಮೀಟರ್, ಡಿಟ್ಯಾಚ್ಡ್ (ಒಂಟಿಯಾಗಿ ನಿಂತ) ಮನೆಗೆ 4 ಮೀಟರ್ ಒಳಗಿದ್ದು ಎತ್ತರ ಮುಂತಾದ ಷರತ್ತುಗಳನ್ನು ಪಾಲಿಸಿದರೆ ಸಾಮಾನ್ಯವಾಗಿ ಅರ್ಜಿ ಬೇಡ, ನಿಜ. ಅಳೆಯುವುದು ಮೂಲ ಮನೆಯಿಂದ. ಹಿಂದಿನ ಮಾಲೀಕರು ಈಗಾಗಲೇ 2 ಮೀಟರ್ ಎಳೆದಿದ್ದರೆ ನಿಮಗೆ ಉಳಿದದ್ದು ಒಂದೇ ಮೀಟರ್. ಕೌನ್ಸಿಲ್‌ನಿಂದ ಲಾಫುಲ್ ಡೆವಲಪ್‌ಮೆಂಟ್ ಸರ್ಟಿಫಿಕೇಟ್ (ಕಟ್ಟಿದ್ದು ಕಾನೂನುಬದ್ಧ ಎಂಬ ಪತ್ರ) ತೆಗೆದಿಡಿ, ಮಾರುವಾಗ ಅದನ್ನೇ ಕೇಳುತ್ತಾರೆ. ಬಿಲ್ಡಿಂಗ್ ಕಂಟ್ರೋಲ್ ಬೇರೆಯೇ ವಿಷಯ, ಅದು ಬೇಕೇ ಬೇಕು.

ಆಮೇಲೆ ನೆರೆಮನೆ. 1996ರ ಪಾರ್ಟಿ ವಾಲ್ ಕಾಯಿದೆ ಪ್ರಕಾರ, ಅವರ ಕಟ್ಟಡದಿಂದ 3 ಮೀಟರ್ ಒಳಗೆ ಅವರ ಅಡಿಪಾಯಕ್ಕಿಂತ ಆಳ ಅಗೆಯುವುದಾದರೆ ಒಂದು ತಿಂಗಳು ಮೊದಲು ಲಿಖಿತ ನೋಟಿಸ್ ಕೊಡಬೇಕು. ಹಂಚಿಕೊಂಡ ಗೋಡೆಗೆ ಬೀಮ್ ಕೂರಿಸುವುದಾದರೆ ಎರಡು ತಿಂಗಳು. 14 ದಿನದಲ್ಲಿ ಅವರು ಉತ್ತರಿಸದಿದ್ದರೆ ತಕರಾರು ಎಂದೇ ಲೆಕ್ಕ. ಆಗ ಸರ್ವೇಯರ್ ನೇಮಿಸಬೇಕು, ಸಾಮಾನ್ಯವಾಗಿ ಅವರ ಕಡೆಯವರ ಫೀಸನ್ನೂ ನೀವೇ ಕೊಡಬೇಕು. ನೋಟಿಸನ್ನು ಅಂಚೆಪೆಟ್ಟಿಗೆಗೆ ತುರುಕಿ ಬರಬೇಡಿ. ನಕ್ಷೆ ಹಿಡಿದು ಹೋಗಿ, ಕೂತು ಮಾತಾಡಿ, ಧೂಳು ಎಷ್ಟು ವಾರ ಇರುತ್ತದೆಂದು ಹೇಳಿ ಕೊಡಿ. ಸಾವಿರಾರು ಪೌಂಡ್ ಉಳಿಯುವುದು ಇಲ್ಲಿಯೇ.

ಪ್ರಶ್ನೆ: ನಮ್ಮದು ಲೀಸ್‌ಹೋಲ್ಡ್ (ದೀರ್ಘಾವಧಿ ಗುತ್ತಿಗೆಯ) ಫ್ಲ್ಯಾಟ್. ಕಾರ್ಪೆಟ್ ತೆಗೆದು ಮರದ ನೆಲ ಹಾಕಿಸಬಹುದೆ?

ಉತ್ತರ: ಲೀಸ್ ಪತ್ರ ಓದಿ. ಕಾರ್ಪೆಟ್ಟೇ ಇರಬೇಕೆಂದು ಎಷ್ಟೋ ಲೀಸ್‌ಗಳಲ್ಲಿ ಬರೆದಿರುತ್ತದೆ. ಗೋಡೆ ಸರಿಸಲು ಕಟ್ಟಡದ ಮೂಲ ಮಾಲೀಕರಾದ ಫ್ರೀಹೋಲ್ಡರ್‌ನಿಂದ ಲೈಸೆನ್ಸ್ ಬೇಕು, ಅವರ ವಕೀಲರ ಖರ್ಚೂ ನಿಮ್ಮ ಬಜೆಟ್ಟಿಗೆ ಸೇರುತ್ತದೆ.

ಪ್ರಶ್ನೆ: ಒಗ್ಗರಣೆ ಹಾಕಿದರೆ ಮನೆಯೆಲ್ಲ ಹೊಗೆ, ಅಲಾರಂ ಕೂಗುತ್ತದೆ. ಹೊಸ ಅಡುಗೆಮನೆಯಲ್ಲಿ ಏನು ಮಾಡಿಸಬೇಕು?

ಉತ್ತರ: ಗಾಳಿಯನ್ನು ಸೋಸಿ ಮತ್ತೆ ಒಳಗೇ ಬಿಡುವ ಹುಡ್ ಬೇಡ. ಪೈಪಿನ ಮೂಲಕ ಹೊರಗೆ ತಳ್ಳುವುದನ್ನೇ ಹಾಕಿಸಿ. ನಿಯಮದ ಕನಿಷ್ಠ ಮಟ್ಟ ಹಾಬ್ ಮೇಲಿನ ಹುಡ್‌ಗೆ ಸೆಕೆಂಡಿಗೆ 30 ಲೀಟರ್, ಬೇರೆ ಕಡೆ ಫ್ಯಾನ್ ಇದ್ದರೆ 60 ಲೀಟರ್. ನಮ್ಮ ಅಡುಗೆಗೆ ಅದಕ್ಕಿಂತ ಮೇಲಿನದೇ ಬೇಕು. 150 ಮಿಲಿಮೀಟರ್ ಗಟ್ಟಿ ಪೈಪ್ ಇರಲಿ, ತಿರುವು ಎರಡಕ್ಕಿಂತ ಹೆಚ್ಚು ಬೇಡ. ಸುಕ್ಕುಸುಕ್ಕಾದ ಫ್ಲೆಕ್ಸಿಬಲ್ ಪೈಪ್ ಗಾಳಿ ತಡೆಯುತ್ತದೆ, ಮಡಿಕೆಗಳಲ್ಲಿ ಜಿಡ್ಡು ಕೂರುತ್ತದೆ. ಹಾಬನ್ನು ಹೊರಗೋಡೆಗೆ ಇಟ್ಟರೆ ಇದೆಲ್ಲ ಸಲೀಸು, ಆದ್ದರಿಂದ ನಕ್ಷೆಯಲ್ಲೇ ಅದರ ಜಾಗ ತೀರ್ಮಾನಿಸಿ.

ಪ್ರಶ್ನೆ: ಕೆಲಸ ನಡೆಯುವಾಗ ಆರು ವಾರ ಊರಿಗೆ ಹೋಗುತ್ತಿದ್ದೇವೆ. ಅರ್ಧ ಹಣ ಮುಂಗಡ ಕೇಳುತ್ತಿದ್ದಾರೆ. ಕೊಡಬಹುದೆ?

ಉತ್ತರ: ಕೊಡಬೇಡಿ. ಅಡಿಪಾಯ, ಗೋಡೆ, ಸೂರು ನೀರು ಸೋರದಂತಾದದ್ದು, ಪ್ಲಾಸ್ಟರ್, ಮುಕ್ತಾಯ ಎಂದು ಹಂತ ಮಾಡಿ, ಆ ಹಂತ ಮುಗಿದ ಮೇಲೆ ಕೊಡಿ. ಪ್ರತಿ ಕಂತಿನಲ್ಲಿ ಶೇ 5 ಹಿಡಿದಿಡುವುದನ್ನು ಕರಾರಿನಲ್ಲಿ ಸೇರಿಸಿ. ಅದರಲ್ಲಿ ಅರ್ಧ ಕೆಲಸ ಮುಗಿದಾಗ, ಉಳಿದರ್ಧ ಆರು ತಿಂಗಳಾದ ಮೇಲೆ ದೋಷಗಳನ್ನು ಸರಿಪಡಿಸಿದಾಗ. ಕೊನೆಯ ದೊಡ್ಡ ಕಂತು ಬಿಲ್ಡಿಂಗ್ ಕಂಟ್ರೋಲಿನ ಕಂಪ್ಲೀಷನ್ ಸರ್ಟಿಫಿಕೇಟ್ ಕೈಗೆ ಬಂದ ಮೇಲೆಯೇ. ಕಪಾಟು, ಕಿಟಕಿಗಳನ್ನು ನೀವೇ ನೇರ ಕೊಳ್ಳುವುದಾದರೆ ಮುಂಗಡವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ. 100 ಪೌಂಡಿಗೆ ಮೇಲ್ಪಟ್ಟು 30,000 ಮೀರದ ಖರೀದಿಗೆ, ಅಂಗಡಿ ಮುಳುಗಿದರೆ ಕಾರ್ಡ್ ಕಂಪನಿಯೂ ಹೊಣೆ.

ವಿಮಾ ಕಂಪನಿಗೆ ಎರಡು ವಿಷಯ ಲಿಖಿತವಾಗಿ ತಿಳಿಸಿ: ಗೋಡೆ ಒಡೆಯುವ ಕೆಲಸ ಇದೆ, ಮನೆ ಖಾಲಿ ಇರುತ್ತದೆ. 30 ದಿನಕ್ಕಿಂತ ಹೆಚ್ಚು ಖಾಲಿ ಇದ್ದರೆ ರಕ್ಷಣೆ ಕಡಿತವಾಗುವ ಪಾಲಿಸಿಗಳೇ ಹೆಚ್ಚು.

ನೀವಿಲ್ಲದಾಗ ಬೀಮ್ ಕೂರಿಸುವ ದಿನ ಬಂದರೆ ಇನ್‌ಸ್ಪೆಕ್ಟರ್ ನೋಡುವ ಮೊದಲು ಅದನ್ನು ಮುಚ್ಚಬಾರದು, ಮುಚ್ಚಿದರೆ ಮತ್ತೆ ಬಿಚ್ಚಿಸಬಹುದು. ನಕ್ಷೆ ಮಾಡಿದವರಿಗೆ ಅಥವಾ ಸರ್ವೇಯರಿಗೆ ಪ್ರತಿ ಹಂತದ ಭೇಟಿಗೆ ಇಷ್ಟು ಎಂದು ಫೀಸ್ ಗೊತ್ತುಮಾಡಿ, ಅವರು ಒಪ್ಪಿದ ಮೇಲೆ ಮಾತ್ರ ಊರಿಂದ ಹಣ ಹಾಕಿ. ಪ್ಲಾಸ್ಟರ್ ಆಗುವ ಮುಂಚೆ ಪ್ರತಿ ಗೋಡೆಯಲ್ಲೂ ವೈರು, ಪೈಪು ಕಾಣುವಂತೆ, ಅಳತೆ ಟೇಪ್ ಹಿಡಿದು ಫೋಟೊ ತೆಗೆಸಿಟ್ಟುಕೊಳ್ಳಿ. ಮುಂದೆ ಕಪಾಟು ತೂಗುಹಾಕಲು ಡ್ರಿಲ್ ಹಿಡಿದಾಗ ಎಲ್ಲಿ ತೂತು ಹೊಡೆಯಬಾರದು ಎಂಬುದು ಅದರಿಂದಲೇ ಗೊತ್ತಾಗುತ್ತದೆ.